ಹಳೇ ರೂಟರ್‌ಗೆ ಹೊಸ ಫರ್ಮ್‌ವೇರ್: ಕೈ ಹಾಕುವ ಮೊದಲು

ಹಳೇ ರೂಟರ್ ಕೈಗೆ ಸಿಕ್ಕ ತಕ್ಷಣ ಫರ್ಮ್‌ವೇರ್ (ರೂಟರ್ ಒಳಗೆ ಓಡುವ ಸಾಫ್ಟ್‌ವೇರ್) ಹುಡುಕಲು ಹೋಗಬೇಡಿ. ಮೊದಲು ಅದನ್ನು ಮಗುಚಿ, ಕೆಳಗಿನ ಲೇಬಲ್ ಓದಿ. ಮಾಡೆಲ್ ಹೆಸರಿನ ಪಕ್ಕ ಸಣ್ಣದಾಗಿ ವರ್ಷನ್ ನಂಬರ್ ಇರುತ್ತದೆ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿಯನ್ನೇ ನೋಡಿ. 2002ರ ಕೊನೆಗೆ ಬಂದ ಈ ರೂಟರ್‌ನಲ್ಲಿ ಓಡುತ್ತಿದ್ದುದು ಲಿನಕ್ಸ್. ಕೋಡ್ ಹಂಚಿಕೊಳ್ಳಲೇಬೇಕು ಅನ್ನುವ ಜಿಪಿಎಲ್ ಲೈಸೆನ್ಸ್ ಇದ್ದದ್ದರಿಂದ 2003ರಲ್ಲಿ ಕಂಪನಿ ಅದರ ಸೋರ್ಸ್ ಕೋಡ್ ಹೊರಗೆ ಬಿಡಬೇಕಾಯಿತು. 2004ರಲ್ಲಿ ಶುರುವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ಫರ್ಮ್‌ವೇರ್‌ಗೆ ಬುನಾದಿ ಅದೇ. ಆದರೆ ಇದೇ ಮಾಡೆಲ್‌ನ 5ನೇ ವರ್ಷನ್‌ನಲ್ಲಿ ಲಿನಕ್ಸ್ ತೆಗೆದು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಫ್ಲ್ಯಾಶ್ (ಫರ್ಮ್‌ವೇರ್ ಉಳಿಯುವ ಮೆಮೊರಿ) 2 ಎಂಬಿಗೆ, ರ‍್ಯಾಮ್ 8 ಎಂಬಿಗೆ ಇಳಿಯಿತು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ! ಈಗಿನ ಓಪನ್‌ಡಬ್ಲ್ಯುಆರ್‌ಟಿಗಂತೂ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಇದ್ದರೂ ಇಕ್ಕಟ್ಟೇ.

ಮೆಮೊರಿ ಸಾಕಷ್ಟಿದ್ದರೆ ಮುಂದಿನ ಕೆಲಸ ಸೀರಿಯಲ್ ಪಿನ್ (ಕಂಪ್ಯೂಟರ್‌ನಿಂದ ರೂಟರ್ ಜೊತೆ ನೇರವಾಗಿ ಮಾತಾಡುವ ದಾರಿ) ಹುಡುಕುವುದು. ನನ್ನ ಪ್ರಕಾರ ಇದನ್ನು ಬಿಡಲೇಬಾರದು. ಫರ್ಮ್‌ವೇರ್ ಕೆಟ್ಟು ವೈಫೈ, ಕೇಬಲ್ ಎರಡೂ ಸತ್ತರೂ, ಬೂಟ್‌ಲೋಡರ್ (ಪವರ್ ಬಂದೊಡನೆ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಉಳಿದಿದ್ದರೆ ಈ ದಾರಿಯಿಂದ ಒಳಗೆ ಹೋಗಬಹುದು. ಬೋರ್ಡ್ ಮೇಲೆ ಸಾಲಾಗಿ ನಾಲ್ಕು ತೂತುಗಳಿದ್ದರೆ ಸಾಮಾನ್ಯವಾಗಿ ಅವೇ. ಪವರ್ ತೆಗೆದು, ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ಒಂದು ಕಡ್ಡಿಯನ್ನು ಲೋಹದ ಕವಚಕ್ಕೆ ಇಡಿ. ಇನ್ನೊಂದು ಕಡ್ಡಿ ಮುಟ್ಟಿಸಿದಾಗ ಬೀಪ್ ಅನ್ನುವ ತೂತು ಗ್ರೌಂಡ್. ಈಗ ಮೀಟರನ್ನು ವೋಲ್ಟೇಜ್‌ಗೆ ಬದಲಿಸಿ ಪವರ್ ಕೊಡಿ. 3.3 ವೋಲ್ಟ್‌ನಲ್ಲಿ ಅಲ್ಲಾಡದೆ ನಿಂತಿದ್ದು ಪವರ್ ಪಿನ್, ಬೂಟ್ ಆಗುವಾಗ ಕುಣಿಯುವುದು ಟಿಎಕ್ಸ್ (ಕಳಿಸುವ ಪಿನ್). ಉಳಿದದ್ದು ಆರ್‌ಎಕ್ಸ್ (ಕೇಳಿಸಿಕೊಳ್ಳುವ ಪಿನ್). ಇವನ್ನು ಕಂಪ್ಯೂಟರ್‌ಗೆ ಸೇರಿಸಲು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೇಕು. ಪವರ್ ಪಿನ್‌ಗೆ ಏನನ್ನೂ ಜೋಡಿಸಬೇಡಿ. ಗ್ರೌಂಡ್ ಗ್ರೌಂಡ್‌ಗೆ, ರೂಟರ್‌ನ ಟಿಎಕ್ಸ್ ಅಡಾಪ್ಟರ್‌ನ ಆರ್‌ಎಕ್ಸ್‌ಗೆ, ರೂಟರ್‌ನ ಆರ್‌ಎಕ್ಸ್ ಅಡಾಪ್ಟರ್‌ನ ಟಿಎಕ್ಸ್‌ಗೆ. ಅಡಾಪ್ಟರ್ 3.3 ವೋಲ್ಟ್‌ನದ್ದೇ ಆಗಿರಲಿ, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಸೀರಿಯಲ್ ಸ್ಪೀಡ್ ಬಹುತೇಕ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್). ಸರಿಯಾಗಿ ಕೂತರೆ ಬೂಟ್ ಸಂದೇಶಗಳು ಸಾಲು ಸಾಲಾಗಿ ಬರುತ್ತವೆ. ರೂಟರ್ ತಾನೇ ಮಾತಾಡುವುದನ್ನು ನೋಡುವ ಖುಷಿ ಬೇರೆಯೇ ಅಲ್ವಾ!

ಹೊಸದನ್ನು ಬರೆಯುವ ಮುನ್ನ ಪೂರ್ತಿ ಫ್ಲ್ಯಾಶ್‌ನ ಬ್ಯಾಕಪ್ ತೆಗೆದಿಡಿ. ಆಥೆರಾಸ್ ಚಿಪ್ ಇರುವ ರೂಟರ್‌ಗಳಲ್ಲಿ ಎಆರ್‌ಟಿ ಅನ್ನುವ ಪುಟ್ಟ ಭಾಗ ಇರುತ್ತದೆ. ಆ ಒಂದು ಬೋರ್ಡ್‌ನ ರೇಡಿಯೋಗೆಂದೇ ಫ್ಯಾಕ್ಟರಿಯಲ್ಲಿ ಅಳೆದ ಲೆಕ್ಕ ಅದರಲ್ಲಿದೆ. ಅದು ಅಳಿಸಿಹೋದರೆ ಇನ್ನೊಂದು ರೂಟರ್‌ನಿಂದ ತಂದು ಹಾಕಿದರೂ ವೈಫೈ ಮೊದಲಿನಂತೆ ಆಗುವುದು ಕಷ್ಟ.

ಇನ್ನು ಸಿಗ್ನಲ್. ಟ್ರಾನ್ಸ್‌ಮಿಟ್ ಪವರ್ ಸುಮ್ನೆ ಏರಿಸಿದರೆ ಫೋನ್‌ನಲ್ಲಿ ಗೆರೆಗಳು ಜಾಸ್ತಿ ಕಾಣಬಹುದು, ಆದರೆ ಫೋನ್ ವಾಪಸ್ ಕಳಿಸುವ ಶಕ್ತಿ ಅಷ್ಟೇ ಇರುತ್ತದೆ. ಒಳ್ಳೆ ಆಂಟೆನಾ ಹಾಕಿದರೆ ಕಳಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಅನುಕೂಲ. ಆದರೆ ಪವರ್ ಮತ್ತು ಆಂಟೆನಾ ಗೇನ್ (ಆಂಟೆನಾ ಸಿಗ್ನಲನ್ನು ಒಂದು ದಿಕ್ಕಿಗೆ ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವುದು) ಸೇರಿಸಿ ಕಾನೂನಿನ ಮಿತಿ ಇರುತ್ತದೆ, ಅದರೊಳಗೇ ಇರಿ. ಆಂಟೆನಾ ಬದಲಿಸುವಾಗ ರೂಟರ್ ಆಫ್ ಆಗಿರಲಿ.