ಒಂದೇ ಪಾಲಿಸಿಗೆ ಎರಡು ಲೆಕ್ಕ: ಆರೋಗ್ಯ ವಿಮೆ ಮತ್ತು ತೆರಿಗೆಯ ಹಿನ್ನೆಲೆ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ತನ್ನ ಎಂಜಿನಿಯರನ ಕುಟುಂಬದ ಗುಂಪು ಆರೋಗ್ಯ ವಿಮೆಗೆ 30,000 ರೂಪಾಯಿ ಕಂತು ಕಟ್ಟಿದರೆ, ಆ ಮೊತ್ತ ಅವನ ಆದಾಯಕ್ಕೆ ಸೇರುವುದೇ ಇಲ್ಲ. ಹುಬ್ಬಳ್ಳಿಯ ದಾಜಿಬಾನ ಪೇಟೆಯ ಬಟ್ಟೆ ವ್ಯಾಪಾರಿ ಅಷ್ಟೇ ಕಂತನ್ನು, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ತೆರಿಗೆ ಕಟ್ಟಿ ಉಳಿದ ಹಣದಿಂದಲೇ ತುಂಬಬೇಕು.

1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಕಡಿಮೆ ವೇತನದ ಕಾರ್ಮಿಕರ ಚಿಕಿತ್ಸೆಗೆ ದಾರಿ ಮಾಡಿತು. 1961ರ ಆದಾಯ ತೆರಿಗೆ ಕಾಯ್ದೆ ಮಾಲೀಕರು ಕೊಡುವ ಸವಲತ್ತುಗಳನ್ನು ಸಂಬಳವೆಂದು ಎಣಿಸಿತು. 1986ರಲ್ಲಿ ಆಸ್ಪತ್ರೆ ಖರ್ಚು ಭರಿಸುವ ಮೆಡಿಕ್ಲೇಮ್ ಪಾಲಿಸಿ ಬಂದಿತು. ಮುಂದೆ ಕಂಪನಿ ಕಟ್ಟುವ ವಿಮಾ ಕಂತನ್ನು ಸವಲತ್ತುಗಳ ಪಟ್ಟಿಯಿಂದ ಹೊರಗಿಡಲಾಯಿತು, ಸ್ವಂತವಾಗಿ ಕಂತು ಕಟ್ಟುವವರಿಗೆ ಅದೇ ಕಾಯ್ದೆಯ 80ಡಿ ಕಲಂನಡಿ ಕಡಿತ, ಅಂದರೆ ಕಂತನ್ನು ಒಂದು ಮಿತಿಯವರೆಗೆ ತೆರಿಗೆಯ ಆದಾಯದಿಂದ ಕಳೆಯುವ ಅವಕಾಶ, ದೊರೆಯಿತು. ಇಬ್ಬರಿಗೂ ಹೆಚ್ಚುಕಡಿಮೆ ಸಮಾನ ನೆರವಿತ್ತು.

ಆ ಸಮತೋಲ ತಪ್ಪಿದ್ದು 2020ರಲ್ಲಿ. ದರ ಇಳಿಸಿ ಕಡಿತಗಳನ್ನು ಕೈಬಿಟ್ಟ ಹೊಸ ಪದ್ಧತಿ ಮೊದಲು ಐಚ್ಛಿಕವಾಗಿತ್ತು, 2023ರಿಂದ, ಹಳೆಯದೇ ಬೇಕೆಂದು ಹೇಳದವರಿಗೆಲ್ಲ ತಾನಾಗಿ ಅನ್ವಯಿಸುವ ಮೂಲ ಆಯ್ಕೆಯಾಯಿತು. ಅದರಲ್ಲಿ ಆರೋಗ್ಯ ವಿಮೆಯ ಕಡಿತ ಇಲ್ಲ. ಆದರೆ ಕಂಪನಿ ಕಟ್ಟುವ ಕಂತು ಕಡಿತವೇ ಅಲ್ಲ, ಆದಾಯವೆಂದೇ ಎಣಿಕೆಯಾಗದ ಮೊತ್ತ. ಆದ್ದರಿಂದ ಅದು ಸುರಕ್ಷಿತವಾಗಿ ಉಳಿಯಿತು. ಶೇ 20ರ ತೆರಿಗೆ ಹಂತದಲ್ಲಿರುವ ವ್ಯಾಪಾರಿ 30,000 ರೂಪಾಯಿ ಕಂತು ಕಟ್ಟಲು, ಸೆಸ್ ಬಿಟ್ಟರೂ, 37,500 ರೂಪಾಯಿ ದುಡಿಯಬೇಕು. ಅವನು ತನ್ನ ಅಂಗಡಿಯ ನೌಕರರಿಗೆ ಮಾನ್ಯತೆ ಪಡೆದ ಯೋಜನೆಯಲ್ಲಿ ವಿಮೆ ಮಾಡಿಸಿದರೆ ಆ ಕಂತು ವ್ಯವಹಾರದ ಖರ್ಚಾಗುತ್ತದೆ, ತನಗೆ ಮಾಡಿಸಿಕೊಂಡದ್ದು ಆಗುವುದಿಲ್ಲ. ಇದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಬೆಟಗೇರಿಯ ನೇಕಾರರಿಗೆ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರಿಗೆ ಈ ಚರ್ಚೆ ತಟ್ಟುವುದೇ ಇಲ್ಲ. ಅವರ ಗಳಿಕೆ ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟುವುದಿಲ್ಲ. ಪಾಲಿಸಿ ಕೊಂಡರೆ ಅವರಿಗೂ ಬೀಳುತ್ತಿದ್ದದ್ದು 2017ರಿಂದ ಜಾರಿಯಲ್ಲಿದ್ದ ಶೇ 18ರ ಜಿಎಸ್‌ಟಿ. ವೈಯಕ್ತಿಕ ಪಾಲಿಸಿಗಳ ಮೇಲಿನ ಆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು, ತಡವಾಗಿಯಾದರೂ ಒಳ್ಳೆಯದೇ ಆಯಿತು. ಗುಂಪು ವಿಮೆಗೆ ಆ ರಿಯಾಯಿತಿ ಸಿಗಲಿಲ್ಲ.

ಸಮಾನತೆಯ ಹೆಸರಿನಲ್ಲಿ ಕಂಪನಿ ಕಟ್ಟುವ ಕಂತಿಗೂ ತೆರಿಗೆ ಹಾಕಬೇಕೆಂಬ ವಾದವಿದೆ. ಅದರಿಂದ ಎಂಜಿನಿಯರನ ಹೊರೆ ಹೆಚ್ಚುತ್ತದೆಯೇ ಹೊರತು ವ್ಯಾಪಾರಿಯ ಹೊರೆ ಇಳಿಯದು. ಆರೋಗ್ಯ ವಿಮೆಯ ಕಡಿತವನ್ನು ಹೊಸ ಪದ್ಧತಿಗೂ ತಂದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುತ್ತಾರೆ. ಅದು ಎಂಜಿನಿಯರನಿಗೂ ಮುಂದೆ ಬೇಕಾಗುತ್ತದೆ: ನಿವೃತ್ತಿಯೊಂದಿಗೆ ಕಂಪನಿಯ ವಿಮೆ ಸಾಮಾನ್ಯವಾಗಿ ನಿಲ್ಲುತ್ತದೆ, ಆ ವಯಸ್ಸಿನಲ್ಲಿ ಸ್ವಂತ ಪಾಲಿಸಿಯ ಕಂತು ದುಬಾರಿ, ಮತ್ತು ಹಿರಿಯ ನಾಗರಿಕರಿಗೆ ಇರುವ 50,000 ರೂಪಾಯಿವರೆಗಿನ ಕಡಿತ ಹಳೆ ಪದ್ಧತಿಯಲ್ಲಿ ಮಾತ್ರ ಲಭ್ಯ.