ಪದ ಪರಿಚಯ: ಪ್ರೊಟೆಕ್ಟಿವ್ ಸೆನ್ಸೇಶನ್

ಕ್ಯಾನ್ಸರ್‌ಗಾಗಿ ಮೊಲೆ ತೆಗೆದ ಮೇಲೆ ಆ ಜಾಗದಲ್ಲಿ ಹೊಸದಾಗಿ ಕಟ್ಟಿಕೊಡುವ ಆಪರೇಷನ್‌ಗೆ ರಿಕನ್‌ಸ್ಟ್ರಕ್ಷನ್ ಅಂತಾರೆ. "ಸೆನ್ಸೇಶನ್ ವಾಪಸ್ ಬರುತ್ತಾ ಡಾಕ್ಟ್ರೇ?" ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ "ಸ್ವಲ್ಪ ಬರಬಹುದು". ಆ ಸ್ವಲ್ಪದೊಳಗೆ ಬೇರೆ ಬೇರೆ ಮಟ್ಟಗಳಿವೆ. ದಿನದ ಬದುಕಿಗೆ ಎಲ್ಲಕ್ಕಿಂತ ಮೊದಲು ಬೇಕಾದ್ದು ಪ್ರೊಟೆಕ್ಟಿವ್ ಸೆನ್ಸೇಶನ್. ಸುಡುತ್ತಿದೆ, ಚುಚ್ಚುತ್ತಿದೆ, ಜಾಸ್ತಿ ಒತ್ತುತ್ತಿದೆ ಅಂತ ಗಾಯ ಆಗುವ ಮೊದಲೇ ಗೊತ್ತಾಗುವಷ್ಟು ಅರಿವು.

ಶುಗರ್ ಇರುವವರ ಪಾದ ನೋಡುವಾಗಲೂ ಡಾಕ್ಟರ್‌ಗಳು ಇದೇ ಮಾತು ಬಳಸುತ್ತಾರೆ. ನೈಲಾನ್ ಎಳೆಯೊಂದನ್ನು ಅದು ಬಾಗುವವರೆಗೆ ಚರ್ಮಕ್ಕೆ ಒತ್ತಿ, ಕಣ್ಣು ಮುಚ್ಚಿಸಿ, "ಗೊತ್ತಾಯ್ತಾ?" ಅಂತ ಕೇಳುತ್ತಾರೆ. ಪಾದಕ್ಕೆ 10 ಗ್ರಾಂ ಒತ್ತಡದ ಎಳೆ. ಎದೆಗೂ ಇದೇ ಪರೀಕ್ಷೆ, ತೆಳುವಿನಿಂದ ದಪ್ಪದವರೆಗೆ ಬೇರೆ ಬೇರೆ ಎಳೆಗಳಲ್ಲಿ.

ಅರಿವು ಹೋಗುವುದು ಯಾಕೆ? ಮೊಲೆಗೆ ಸ್ಪರ್ಶ ಕೊಡುವ ನರಗಳು ಪಕ್ಕೆಲುಬುಗಳ ನಡುವಿನಿಂದ ಬರುತ್ತವೆ, ಸುಮಾರಾಗಿ 2ರಿಂದ 6ನೆಯವು. ಮೊಲೆತೊಟ್ಟಿಗೆ ಮುಖ್ಯವಾಗಿ 4ನೆಯದು. ಮೊಲೆಯ ಒಳಭಾಗ ತೆಗೆಯುವಾಗ ಇವುಗಳಲ್ಲಿ ಹೆಚ್ಚಿನವು ಕತ್ತರಿಸಿ ಹೋಗುತ್ತವೆ, ಹಾಗಾಗಿ ಚರ್ಮ ಮತ್ತು ತೊಟ್ಟನ್ನು ಉಳಿಸಿಕೊಂಡು ಕನ್ನಡಿಯಲ್ಲಿ ಎಲ್ಲಾ ಸರಿ ಕಂಡರೂ, ಮುಟ್ಟಿದರೆ ಮರಗಟ್ಟಿದಂತಿರುತ್ತದೆ. ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದರೆ ತೋಳಿನ ಒಳಭಾಗಕ್ಕೂ ಜೋಮು ಹಿಡಿಯಬಹುದು. "ಎದೆ ಆಪರೇಷನ್‌ಗೆ ಕೈ ಯಾಕೆ?" ಅಂತ ಗಾಬರಿ ಆಗುವವರು ಬಹಳ ಜನ. ಅಲ್ಲೇ ಹಾದುಹೋಗುವ ಇನ್ನೊಂದು ನರದ ಕಥೆ ಅದು.

ಈಗ ಮನೆಯೊಳಗಿನ ಮಾತು. ಬೆಂಗಳೂರಿನ ಡಿಸೆಂಬರ್ ಚಳಿಗೆ ಎದೆ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಹಾಗೇ ನಿದ್ದೆ ಹೋದರೆ, ಅರಿವಿರುವ ಚರ್ಮವಾಗಿದ್ದರೆ ಎಚ್ಚರ ಆಗುತ್ತದೆ, ಇಲ್ಲದ್ದರಲ್ಲಿ ಬೆಳಿಗ್ಗೆ ಗುಳ್ಳೆ ಎದ್ದಿರುತ್ತದೆ. ಹೀಗೆ ಸುಟ್ಟುಕೊಂಡವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳೇ ಇವೆ. ಸೆರಗಿಗೆ ಹಾಕಿದ ಪಿನ್ ಬಿಚ್ಚಿಕೊಂಡು ಒಳಗೆ ಚುಚ್ಚುತ್ತಿದ್ದರೂ ಅಷ್ಟೇ, ಬ್ಲೌಸ್ ಮೇಲೆ ರಕ್ತದ ಚುಕ್ಕೆ ಕಂಡಾಗಲೇ ಗೊತ್ತಾಗುವುದು. ಬ್ರಾದ ತಂತಿ ಒತ್ತಿ ಒತ್ತಿ ಕೆಂಪಾಗುವುದೂ ಇದೇ ಲೆಕ್ಕ.

ವಾಪಸ್ ಬರುವುದು ನಿಧಾನ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಇಂಚಿನ ಆಸುಪಾಸು. ಸಾಮಾನ್ಯವಾಗಿ ಅಂಚಿನಲ್ಲಿ ಮೊದಲು, ನಡುವೆ ಕೊನೆಗೆ. ಮಧ್ಯೆ ಮಧ್ಯೆ ಚುರುಕ್ ಅನ್ನುವುದು, ಜುಮ್ಮೆನ್ನುವುದು, ಎಲ್ಲಿ ಕೆರೆದರೂ ಸಿಗದ ತುರಿಕೆ, ಇವು ನರ ಬೆಳೆಯುತ್ತಿರುವ ಲಕ್ಷಣ ಇರಬಹುದು. ನೋವು ಬಿಡದೇ ಇದ್ದರೆ ಮಾತ್ರ ಸುಮ್ನೆ ಸಹಿಸಬೇಡಿ, ಅದಕ್ಕೆ ಬೇರೆ ಔಷಧಿ ಇದೆ. ರೇಡಿಯೇಶನ್ ಆಗಿದ್ದರೆ ಚೇತರಿಕೆ ಕಡಿಮೆ. ಒಳಗೆ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದಾರೋ, ಹೊಟ್ಟೆಯ ಚರ್ಮ ಮತ್ತು ಕೊಬ್ಬು ತಂದು ಕಟ್ಟಿದ್ದಾರೋ ಅನ್ನುವುದರ ಮೇಲೂ ವ್ಯತ್ಯಾಸ ಆಗುತ್ತದೆ. ಹೊಟ್ಟೆಯಿಂದ ತಂದ ಭಾಗದಲ್ಲಿರುವ ನರವನ್ನು ಎದೆಯ ನರಕ್ಕೆ ಮೈಕ್ರೋಸ್ಕೋಪ್ ಕೆಳಗೆ ಜೋಡಿಸುವ ವಿಧಾನವೂ ಇದೆ, ನ್ಯೂರೊಟೈಸೇಶನ್ ಅಂತ ಹೆಸರು. ಸಾಮಾನ್ಯವಾಗಿ ಅದೇ ಆಪರೇಷನ್‌ನಲ್ಲೇ ಮಾಡುತ್ತಾರೆ, ಎಲ್ಲಾ ಕಡೆ ಮಾಡುವುದಿಲ್ಲ. ಆದ್ದರಿಂದ ಕೇಳುವುದಿದ್ದರೆ ದಿನ ಗೊತ್ತು ಮಾಡುವ ಮೊದಲೇ ಕೇಳಬೇಕು.

ಒಂದು ವಿಷಯ ಬಿಡಿಸಿ ಹೇಳಬೇಕು. ಪ್ರೊಟೆಕ್ಟಿವ್ ಸೆನ್ಸೇಶನ್ ಬಂತು ಅಂದರೆ ಮುಂಚಿನ ಸುಖದ ಸ್ಪರ್ಶವೂ ಬಂತು ಅಂತಲ್ಲ, ಅದು ಮೊದಲಿನಂತೆ ಮರಳುವುದು ಅಪರೂಪ. ಪಕ್ಕದಲ್ಲಿ ಅತ್ತೆಯೋ ಅಣ್ಣನೋ ಕೂತಿರುವಾಗ ಡಾಕ್ಟರ್ ಹತ್ತಿರ ಇದನ್ನು ಬಾಯಿಬಿಟ್ಟು ಕೇಳೋದು ಹೇಗೆ, ಅಲ್ವಾ? ಚೀಟಿಯಲ್ಲಿ ಬರೆದು ಕೊಡಿ, ಇಲ್ಲಾ ಅವರನ್ನು ಐದು ನಿಮಿಷ ಹೊರಗೆ ಕೂರಿಸಿ. ಇದು ಕೇಳಬಾರದ ಪ್ರಶ್ನೆ ಏನಲ್ಲ.

ಅರಿವು ಬರುವ ತನಕ ಸ್ನಾನದ ನೀರಿನ ಬಿಸಿಯನ್ನು ಅಂಗೈಯಲ್ಲಿ ನೋಡಿ, ಎದೆಗೆ ಬಿಸಿ ಶಾಖ ಬೇಡ, ಬಟ್ಟೆ ಬದಲಿಸುವಾಗ ಕನ್ನಡಿಯಲ್ಲಿ ಕೆಳಭಾಗವನ್ನೂ ಒಮ್ಮೆ ನೋಡಿಕೊಳ್ಳಿ. ಕೆಂಪಾಗಿದ್ದರೆ, ಗುಳ್ಳೆ ಇದ್ದರೆ "ನೋವೇ ಇಲ್ವಲ್ಲ" ಅಂತ ಬಿಡಬೇಡಿ, ಅವತ್ತೇ ತೋರಿಸಿ.