ಕೀಪರ್‌ಗೆ ಬ್ಯಾರೆ ಸ್ಟಿಕ್ ಬೇಕೇನ್ರಿ?

ಓದುಗರ ಪ್ರಶ್ನೆ: "ನಾವು ಬೆಳಗಾವಿ ಟಿಳಕವಾಡಿಯಾಗ ಇರ್ತೀವ್ರಿ. ಮಗಳಿಗೆ 15 ವರ್ಷ. ಈ ವರ್ಷ ಸಾಲಿ ಹಾಕಿ ಟೀಮಿನ್ಯಾಗ ಗೋಲ್‌ಕೀಪರ್ ಆಗ್ಯಾಳ. ಸದ್ಯಕ್ಕ ಅಣ್ಣನ ಹಳೇ ಸ್ಟಿಕ್ ಹಿಡ್ಕೊಂಡು ಆಡ್ತಾಳ. ಕೀಪರ್ ಸ್ಟಿಕ್ಕೇ ಬ್ಯಾರೆ ಇರ್ತದ, ಅದನ್ನ ಕೊಡಸ್ರಿ ಅಂತಾರ ಕೆಲವರು. ಕೀಪರ್ ಆಡೂದು ಕಾಲಿಲೆ, ಯಾವ ಸ್ಟಿಕ್ ಆದ್ರೇನು ಅಂತಾರ ಇನ್ನ ಕೆಲವರು. ಅದರಾಗ ಆಕಿ ಎಡಗೈಲೆ ಬರಿಯಾಕಿ. ಯಾವುದು ತೊಗೊಳ್ಲಿ?"

ಅಕ್ಕಾ, "ಯಾವ ಸ್ಟಿಕ್ ಆದರೇನು" ಅನ್ನುವ ಮಾತನ್ನು ಮೊದಲು ಬದಿಗಿಡಿ. ನಾನೂ ಅದನ್ನು ನಂಬಿದ್ದೆ, ಹದಿನೇಳನೆಯ ವಯಸ್ಸಿನ ತನಕ. ಅಂತರಶಾಲಾ ಪಂದ್ಯವೊಂದರಲ್ಲಿ ನನ್ನ ಕೈಯಲ್ಲಿದ್ದದ್ದು ಫುಲ್‌ಬ್ಯಾಕ್ ಆಡುವವನೊಬ್ಬ ಬಿಟ್ಟುಕೊಟ್ಟ ಭಾರದ ಮರದ ಸ್ಟಿಕ್. ದ್ವಿತೀಯಾರ್ಧದ ಹೊತ್ತಿಗೆ ಬಲ ಮಣಿಕಟ್ಟು ಸೋತಿತ್ತು. ಬಲಕ್ಕೆ ಬಿದ್ದು ಒಂದು ಚೆಂಡು ತಡೆದೆ, ಏಳುವಾಗ ಸ್ಟಿಕ್ ಕೈಯಿಂದ ಜಾರಿತು. ಚೆಂಡು ಇನ್ನೂ ಡಿ (ಗೋಲ್ ಮುಂದಿನ ಅರ್ಧವೃತ್ತ) ಒಳಗೇ ಇತ್ತು. ಓಡಿಬಂದ ಫಾರ್ವರ್ಡ್‌ನ ಮುಂದಿನಿಂದ ಅದನ್ನು ಕಿಕ್ಕರ್‌ನಿಂದ (ಕೀಪರ್ ಬೂಟಿನ ಮೇಲೆ ಕಟ್ಟುವ ದಪ್ಪ ಕವಚ) ಒದ್ದು ಹೊರಗೆ ಕಳಿಸಿದೆ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಸೀಟಿ. ಅಂಪೈರ್ ನನ್ನ ಖಾಲಿ ಬಲಗೈಯತ್ತ ಬೆರಳು ಮಾಡಿ ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲಿಗೆ ಹೊಡೆಯುವ ವಿಶೇಷ ಅವಕಾಶ, ಕೊಟ್ಟರು. ಆ ಕಾರ್ನರ್‌ನಲ್ಲೇ ಗೋಲಾಯಿತು.

ಅಂಪೈರ್ ಸರಿಯಾಗಿಯೇ ಇದ್ದರು. ಡಿ ಒಳಗೆ ಕಾಲು, ಪ್ಯಾಡು, ಕಿಕ್ಕರ್‌ಗಳಿಂದ ಚೆಂಡು ಆಡುವ ಅನುಕೂಲ ಕೀಪರ್‌ಗೆ ಸಿಗುವುದು ಸ್ಟಿಕ್ ಕೈಯಲ್ಲಿ ಇರುವ ತನಕ ಮಾತ್ರ. ಕೈ ಖಾಲಿಯಾಯಿತೋ, ಆ ಅನುಕೂಲವೂ ಹೋಯಿತು. ಡಿ ದಾಟಿ ಹೊರಗೆ ಬಂದರೆ ಸ್ಟಿಕ್ ಬಿಟ್ಟು ಬೇರೆ ಯಾವುದರಿಂದಲೂ ಚೆಂಡು ಮುಟ್ಟುವ ಹಾಗಿಲ್ಲ. ಆದ್ದರಿಂದ ನಿಮ್ಮ ಮಗಳ ಸ್ಟಿಕ್‌ಗೆ ನಾನು ಕೇಳುವ ಮೊದಲ ಪ್ರಶ್ನೆ ಅದು ಎಷ್ಟು ಜೋರಾಗಿ ಹೊಡೆಯುತ್ತದೆ ಅಂತಲ್ಲ. ಪಂದ್ಯದ ಕೊನೆಯ ನಿಮಿಷದಲ್ಲೂ ಒಂದೇ ಕೈಯಲ್ಲಿ, ದಪ್ಪ ಗ್ಲೌಸಿನೊಳಗೆ, ಹಗುರವಾಗಿ ನಿಲ್ಲುತ್ತದೆಯೇ?

ಉಳಿದ ಹತ್ತು ಜನ ಸ್ಟಿಕ್ ಹಿಡಿಯುವುದು ಎರಡು ಕೈಯಲ್ಲಿ. ಕೀಪರ್‌ನ ಎಡಗೈಯಲ್ಲಿ ಹಲಗೆಯಂಥ ಚಪ್ಪಟೆ ಗ್ಲೌಸ್ ಇರುತ್ತದೆ, ಸ್ಟಿಕ್ ಬಲಗೈ ಒಂದರ ಪಾಲು. ಹಿಡಿಯುವುದೂ ತುತ್ತತುದಿಯಲ್ಲಲ್ಲ, ಗೇಣಿನಷ್ಟು ಕೆಳಗೆ. ಹೀಗಿರುವಾಗ ತಲೆಭಾರದ ಸ್ಟಿಕ್ ಮಣಿಕಟ್ಟನ್ನು ಕೆಳಗೇ ಜಗ್ಗುತ್ತಿರುತ್ತದೆ. ನಿಯಮದ ಪ್ರಕಾರ ಸ್ಟಿಕ್ 737 ಗ್ರಾಂ ತನಕ ತೂಗಬಹುದು, ಉದ್ದ 105 ಸೆಂಟಿಮೀಟರ್ ತನಕ ಇರಬಹುದು. ಆದರೆ ಈಗ ಅಂಗಡಿಯಲ್ಲಿ ಸಿಗುವ ಬಹುತೇಕ ಸ್ಟಿಕ್‌ಗಳು 500ರಿಂದ 600 ಗ್ರಾಂ ನಡುವೆ ಇರುತ್ತವೆ. ಕೀಪರ್‌ಗೆ ಆ ಸಾಲಿನ ಹಗುರ ತುದಿಯದೇ ಒಳ್ಳೆಯದು. ತಕ್ಕಡಿ ಹೇಳುವ ತೂಕಕ್ಕಿಂತ ಭಾರ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಒಂದೇ ತೂಕದ ಎರಡು ಸ್ಟಿಕ್‌ಗಳನ್ನು ಒಂದೊಂದಾಗಿ ಬೆರಳಿನ ಮೇಲೆ ಅಡ್ಡ ಇಟ್ಟು ಸಮತೋಲ ನೋಡಿ. ಯಾವುದರ ಸಮತೋಲದ ಜಾಗ ಹಿಡಿಕೆಗೆ ಹತ್ತಿರ ಬರುತ್ತದೋ ಅದು ಕೈಯಲ್ಲಿ ಹಗುರ ಅನ್ನಿಸುತ್ತದೆ.

ಅಂಗಡಿಗೆ ಹೋಗುವಾಗ ಮಗಳ ಬಲಗೈ ಗ್ಲೌಸ್ ಚೀಲದಲ್ಲಿ ಇರಲಿ. ಬರಿಗೈಯಲ್ಲಿ ಹಿಡಿದು ಆರಿಸಿದ ಸ್ಟಿಕ್ ಮೈದಾನದಲ್ಲಿ ಬೇರೆಯದೇ ಆಗಿಬಿಡುತ್ತದೆ, ಇದನ್ನು ಎಷ್ಟೋ ಸಲ ನೋಡಿದ್ದೇನೆ. ಗ್ಲೌಸ್ ಹಾಕಿಕೊಂಡು, ಮೊಣಕಾಲು ಬಗ್ಗಿಸಿ, ಗೋಲ್ ಮುಂದೆ ನಿಲ್ಲುವ ಹಾಗೇ ನಿಲ್ಲಲಿ. ಸ್ಟಿಕ್ಕನ್ನು ಬಲಕ್ಕೆ ಪೂರ್ತಿ ಚಾಚಿ ಮೂವತ್ತು ಎಣಿಸಲಿ. ತುದಿ ನಡುಗಲು ಶುರುವಾದರೆ ಅಥವಾ ಹೆಗಲು ಮೇಲೇರಿದರೆ ಆ ಸ್ಟಿಕ್ ಬೇಡ. ಆಮೇಲೆ ಬಲಗಡೆ ನೆಲದ ಮೇಲೆ ಉದ್ದಕ್ಕೆ ಚಾಚಿ ಮಲಗಿಸಲಿ, ಚಪ್ಪಟೆ ಮುಖ ಎದುರಿಗಿರಬೇಕು. ತಟ್ಟನೆ ಮೇಲೆತ್ತಲಿ, ಮತ್ತೆ ಮಲಗಿಸಲಿ, ಹೀಗೆ ಹತ್ತು ಸಲ. ಹತ್ತನೆಯ ಸಲವೂ ಮುಖ ತಿರುಗದೆ ನೆಟ್ಟಗೆ ಬಂದರೆ ಅರ್ಧ ಆಯ್ಕೆ ಮುಗಿದಂತೆ. ಅಂಗಡಿಯವರು ಅವಸರ ಮಾಡಿದರೂ ನೀವು ಅವಸರ ಮಾಡಬೇಡಿ.

ಎಡಗೈ ರೂಢಿಯ ಮಾತು. ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಅಂತ ಇಲ್ಲ. ಚಪ್ಪಟೆ ಮುಖ ಎಲ್ಲ ಸ್ಟಿಕ್‌ಗೂ ಎಡಬದಿಗೇ ಇರಬೇಕು, ಗುಂಡಗಿನ ಹಿಂಬದಿಯಿಂದ ಚೆಂಡು ಆಡಿದರೆ ಫೌಲ್. ಗಾಬರಿಪಡಬೇಡಿ. ಎಡಗೈ ಚುರುಕಾದ ಹುಡುಗಿಗೆ ಎಡ ಗ್ಲೌಸಿನ ತಡೆ ತಾನಾಗಿ ಒಲಿಯುತ್ತದೆ, ಅದು ದೊಡ್ಡ ಆಸ್ತಿ. ಬಲ ಮಣಿಕಟ್ಟಿಗೆ ಮಾತ್ರ ಹೆಚ್ಚು ತಾಲೀಮು ಬೇಕು. ಬೇರೆಯವರಿಗಿಂತ ತುಸು ಹಗುರದ ಸ್ಟಿಕ್ ಕೊಡಿಸಿ ಅಂತ ನಾನು ಹೇಳುವುದು ಅದಕ್ಕೇ.

ಇನ್ನು ಕೀಪರ್‌ಗೆಂದೇ ಮಾಡಿದ ಸ್ಟಿಕ್. ಹೌದು, ಇದೆ. ಅದರ ದಂಡ ಕೊಕ್ಕೆಯ (ಚೆಂಡು ಆಡುವ ಬಾಗಿದ ತುದಿ) ಮೇಲ್ಭಾಗದಲ್ಲಿ ಹಾವಿನ ಹಾಗೆ ಒಮ್ಮೆ ಆಚೆ, ಒಮ್ಮೆ ಈಚೆ ಬಾಗಿರುತ್ತದೆ. ಕೆಲವದರ ಕೊಕ್ಕೆಯೂ ದೊಡ್ಡದು. ನೆಲದ ಮೇಲೆ ಮಲಗಿಸಿದಾಗ ಆ ಬಾಗಿನಿಂದಾಗಿ ಚೆಂಡಿಗೆ ಎದುರಾಗುವ ಅಡ್ಡ ಸ್ವಲ್ಪ ಎತ್ತರವಾಗುತ್ತದೆ. ಎಷ್ಟೇ ಬಾಗಿದ್ದರೂ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗಿಂದ ಸ್ಟಿಕ್ ಹಾದುಬರಬೇಕು ಅನ್ನುವ ನಿಯಮ ಇದಕ್ಕೂ ಉಂಟು. ಲಾಭ ಮಿಲಿಮೀಟರ್‌ಗಳ ಲೆಕ್ಕದ್ದೇ. ಗೋಲ್ ಬಾಯಿ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಅಷ್ಟು ದೊಡ್ಡ ಬಾಯಿಯ ಮುಂದೆ ಆ ಮಿಲಿಮೀಟರ್‌ಗಳು ಒಂದೊಂದು ಸಲ ಪಂದ್ಯ ಉಳಿಸುತ್ತವೆ, ಸುಳ್ಳಲ್ಲ. ಆದರೆ ಮೊದಲ ವರ್ಷದ ಹುಡುಗಿಗೆ ಹಗುರವಾದ, ನೆಟ್ಟನೆಯ ಸಾದಾ ಸ್ಟಿಕ್ ಸಾಕು ಅಂತ ನನ್ನ ಖಚಿತ ಅಭಿಪ್ರಾಯ. ಮುನ್ನುಗ್ಗಿ ಬಂದು ಡಿ ಹೊರಗೆ ಚೆಂಡು ತಳ್ಳುವುದನ್ನೂ ಆಕೆ ಈಗಲೇ ಕಲಿಯಬೇಕು, ಬಾಗಿದ ದಂಡದಲ್ಲಿ ಅದನ್ನು ಕಲಿಯುವುದು ತೊಡಕು. ಎರಡು ಹಂಗಾಮು ಆಡಿದ ಮೇಲೆ ಆಕೆಯೇ ಕೇಳಿದರೆ ಕೊಡಿಸಿ.

ಅಣ್ಣನ ಸ್ಟಿಕ್‌ನಲ್ಲಿ ಒಂದು ಸಂಗತಿ ನೋಡಿ. ಅದನ್ನು ಮೇಜಿನ ಮೇಲೆ ಚಪ್ಪಟೆ ಮುಖ ಕೆಳಗಾಗಿ ಇಟ್ಟರೆ ನಡುವೆ ಬಿಲ್ಲಿನ ಹಾಗೆ ಎದ್ದಿರುತ್ತದೆ. 25 ಮಿಲಿಮೀಟರ್ ತನಕ ಬಿಲ್ಲು ಇರಲು ಅನುಮತಿ ಇದೆ. ತುಂಬಾ ಬಿಲ್ಲಿರುವ ಸ್ಟಿಕ್ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವ ಹೊಡೆತ) ಹೊಡೆಯುವವರಿಗೆ. ಕೀಪರ್‌ಗೆ ಬಿಲ್ಲು ಕಡಿಮೆ ಇದ್ದಷ್ಟೂ ಬಡಿದ ಚೆಂಡು ಯಾವ ಕಡೆ ಹಾರುತ್ತದೆ ಅನ್ನುವ ಅಂದಾಜು ಸುಲಭ.

ಉದ್ದಕ್ಕೆ ದೊಡ್ಡವರ ಸಾಮಾನ್ಯ ಅಳತೆ 36.5 ಇಂಚು. ನಿಮ್ಮ ಮಗಳ ಎತ್ತರ ಐದು ಅಡಿಯ ಆಸುಪಾಸು ಇದ್ದರೆ 35 ಅಥವಾ 36. ಬೆಳೆಯುವ ಮಗು ಅಂತ ಎರಡು ಇಂಚು ಉದ್ದದ್ದು ತರಬೇಡಿ, ಯೂನಿಫಾರ್ಮ್ ಹೊಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಾರ್ಬನ್ ಎಷ್ಟು ಪ್ರತಿಶತ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಕಾರ್ಬನ್ ಹೆಚ್ಚಾದಷ್ಟೂ ಸ್ಟಿಕ್ ಬಿರುಸು, ಹೊಡೆತ ಜೋರು, ಬೆಲೆಯೂ ಜೋರು. ಆ ಬಿರುಸು ಬೇಕಾದದ್ದು ಹೊಡೆಯುವವರಿಗೆ. ಫೈಬರ್‌ಗ್ಲಾಸ್ ಹೆಚ್ಚಿರುವ ಸ್ಟಿಕ್ ಏಟನ್ನು ತುಸು ನುಂಗಿಕೊಳ್ಳುತ್ತದೆ, ಬಾಳಿಕೆಯೂ ಬರುತ್ತದೆ, ಅದೇ ಸಾಕು. ಉಳಿದ ದುಡ್ಡು ಹೆಲ್ಮೆಟ್‌ಗೆ, ಪ್ಯಾಡ್‌ಗೆ, ಕಿಕ್ಕರ್‌ಗೆ ಹೋಗಲಿ. ಈ ಮಾತನ್ನು ಒತ್ತಿ ಹೇಳುತ್ತೇನೆ: ಹೆಲ್ಮೆಟ್ ಹಳತಾಗಿದ್ದರೆ ಸ್ಟಿಕ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ. ಚೆಂಡು 156ರಿಂದ 163 ಗ್ರಾಂ ತೂಕದ ಗಟ್ಟಿ ಗುಂಡು.

ಬೆಳಗಾವಿಯಲ್ಲಿ ಕೀಪರ್ ಮಾತು ಬಂದಾಗ ನನಗೆ ಶಂಕರ್ ಲಕ್ಷ್ಮಣ್ ನೆನಪಾಗುತ್ತಾರೆ. ಹುಟ್ಟಿದ್ದು ಮಧ್ಯಪ್ರದೇಶದ ಮಹೂದಲ್ಲಿ, ಆದರೆ ಸೇವೆ ಮಾಡಿದ್ದು ಮರಾಠಾ ಲಘು ಪದಾತಿ ದಳದಲ್ಲಿ. ಅದರ ರೆಜಿಮೆಂಟಲ್ ಸೆಂಟರ್ ಇರುವುದು ನಮ್ಮೂರಲ್ಲೇ. 1956, 1960, 1964ರ ಮೂರೂ ಒಲಿಂಪಿಕ್ಸ್‌ಗಳಲ್ಲಿ ಅವರು ಭಾರತದ ಗೋಲ್ ಕಾಯ್ದರು. 1964ರ ಟೋಕಿಯೊ ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 1–0 ಗೆಲುವು. ಚಿನ್ನ ಗೆದ್ದ ಆ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರೂ ಇದ್ದರು. ಹೆಲ್ಮೆಟ್ ಇಲ್ಲದ ಕಾಲ ಅದು. ಕೈಯಲ್ಲಿದ್ದದ್ದು ಮರದ ಸ್ಟಿಕ್. ನಿಮ್ಮ ಮಗಳಿಗೆ ಈ ಕಥೆ ಹೇಳಿ.

ಮರದ ಸ್ಟಿಕ್ ಈಗಲೂ ಸಿಗುತ್ತದೆ, ಹಿಪ್ಪುನೇರಳೆ ಮರದ್ದು. ಅಗ್ಗ, ಕೈಗೆ ಮೃದು. ಆದರೆ ನಮ್ಮ ಮಳೆಗೆ ನೀರು ಕುಡಿದು ಭಾರವಾಗುತ್ತದೆ, ಅಂಚು ಸಿಬಿರೇಳುತ್ತದೆ. ಸಿಬಿರೆದ್ದ ಸ್ಟಿಕ್ಕನ್ನು ಅಂಪೈರ್ ಆಡಲು ಬಿಡುವುದಿಲ್ಲ, ಬಿಡಲೂಬಾರದು. ಯಾರಾದರೂ ಆಡಿಬಿಟ್ಟ ಫೈಬರ್ ಸ್ಟಿಕ್ ಸಿಕ್ಕರೆ ಕೊಕ್ಕೆಯನ್ನು ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿ ಕೇಳಿ. ಠಣ್ ಎಂದರೆ ಗಟ್ಟಿ, ಒಡಕು ಗಡಿಗೆಯ ಹಾಗೆ ಬೊಗ್ ಎಂದರೆ ಒಳಗೆ ಬಿರುಕು ಬಿಟ್ಟಿದೆ.

ತಂದ ದಿನವೇ ಗ್ರಿಪ್ ನೋಡಿ. ಗ್ಲೌಸ್ ಹಾಕಿದ ಬೆರಳುಗಳು ದಂಡವನ್ನು ಪೂರ್ತಿ ಬಳಸಿ ಹೆಬ್ಬೆರಳಿಗೆ ಮುಟ್ಟದಿದ್ದರೆ ಗ್ರಿಪ್ ದಪ್ಪವಾಯಿತು ಅಂತ. ಬಿಚ್ಚಿಸಿ ತೆಳ್ಳಗಿನದು ಸುತ್ತಿಸಿ. ಕೈ ಹಿಡಿಯುವ ಜಾಗಕ್ಕೆ ಬಣ್ಣದ ಟೇಪಿನ ಒಂದು ಸುತ್ತು ಹಾಕಿಕೊಡಿ, ಬಿದ್ದು ಏಳುವ ಗಡಿಬಿಡಿಯಲ್ಲಿ ಕೈ ಎಲ್ಲಿರಬೇಕು ಎಂದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಮಳೆಯಲ್ಲಿ ಆಡಿ ಬಂದ ಸಂಜೆ ಸ್ಟಿಕ್ಕನ್ನು ಚೀಲದಲ್ಲೇ ಬಿಡದೆ ಒರೆಸಿ, ಹಿಡಿಕೆ ಮೇಲೆ ಮಾಡಿ, ಪಡಸಾಲೆಯ ಗೋಡೆಗೆ ಆನಿಸಿಡಲಿ.